ತಾತನ ರೈಫಲ್ಲಿನ ನಳಿಗೆಯಲ್ಲಿ ಕುಳಿ ಕಂಡಿವೆ, ಹಾರಿಸಬಹುದೆ?

ಪ್ರಶ್ನೆ: ನಮ್ಮದು ಚಿಂತಾಮಣಿ ತಾಲ್ಲೂಕಿನ ಹಳ್ಳಿ. ತಾತನ ಕಾಲದ .315 ಇಂಚಿನ ಅಳತೆಯ ರೈಫಲ್ ಮನೆಯಲ್ಲಿದೆ. ಬೆಳೆ ರಕ್ಷಣೆಗೆಂದು ಅವರು ಪಡೆದಿದ್ದ ಪರವಾನಗಿ ಅಪ್ಪನಿಗೆ ಬಂದು, ಈಗ ನನ್ನ ಹೆಸರಿಗೆ ಆಗಿದೆ. ಹತ್ತು ಹನ್ನೆರಡು ವರ್ಷದಿಂದ ಯಾರೂ ಹಾರಿಸಿಲ್ಲ. ಚುನಾವಣೆ ಹೊತ್ತಿಗೆ ಠಾಣೆಯಲ್ಲಿ ಜಮೆ ಮಾಡಿ ವಾಪಸ್ ತಂದ ಮೇಲೆ, ಒಳಗೆ ಹೇಗಿದೆ ನೋಡೋಣ ಎಂದು 1,500 ರೂಪಾಯಿಯ ಬೋರ್‌ಸ್ಕೋಪ್ (ನಳಿಗೆಯೊಳಗೆ ತೂರಿಸುವ ಪುಟ್ಟ ಕ್ಯಾಮೆರಾ) ತರಿಸಿ ಮೊಬೈಲಿಗೆ ಜೋಡಿಸಿದೆ. ನೋಡಿ ಎದೆ ಝಲ್ಲೆಂದಿತು. ಒಳಗೆಲ್ಲ ಕಪ್ಪು, ಬಿರುಕು, ಕುಳಿ. ಮೂರು ಚಿತ್ರ ಕಳಿಸಿದ್ದೇನೆ. ಎಮರಿ ಪೇಪರ್ ಸುತ್ತಿ ಉಜ್ಜು ಅಂತ ಒಬ್ಬರು, ಲೇತ್‌ನಲ್ಲಿ ಒಳಗೆ ತೆಳ್ಳಗೆ ಹೆರೆದುಕೊಡುತ್ತೇನೆ ಅಂತ ಇನ್ನೊಬ್ಬರು. ಮರಕ್ಕೆ ಕಟ್ಟಿ, ದೂರದಿಂದ ಹಗ್ಗ ಎಳೆದು ಒಂದು ಗುಂಡು ಹಾರಿಸಿ ನೋಡು ಅಂತ ಚಿಕ್ಕಪ್ಪ. ಈ ಕುಳಿಗಳಿಂದ ನಳಿಗೆ ಸಿಡಿಯುತ್ತದೆಯೆ? ತಾತನ ಟ್ರಂಕಿನಲ್ಲಿ ಪರವಾನಗಿ ಲೆಕ್ಕದ ಹಳೆಯ ತೋಟಾ ಹದಿನಾಲ್ಕು ಉಳಿದಿವೆ. ಅವನ್ನು ಬಳಸಬಹುದೆ?

ಉತ್ತರ: ಮೊದಲು ಒಂದು ಮಾತು. ಸದ್ಯಕ್ಕೆ ಈ ರೈಫಲ್ ಹಾರಿಸಬೇಡಿ. ನೀವು ಹೆದರಿರುವ ಕುಳಿಗಳಿಗಾಗಿ ನಾನು ಇದನ್ನು ಹೇಳುತ್ತಿಲ್ಲ. ನಿಮ್ಮ ಮೂರನೇ ಚಿತ್ರದಲ್ಲಿ, ನಳಿಗೆಯ ಬಾಯಿಯಿಂದ ನಾಲ್ಕು ಬೆರಳು ಒಳಗೆ ಎಂದು ನೀವು ಬರೆದಿರುವ ಜಾಗದಲ್ಲಿ, ಕುಳಿಗಳ ಹಿಂದೆ ಒಂದು ಕಪ್ಪು ಪಟ್ಟೆ ಬಳೆಯ ಹಾಗೆ ಸುತ್ತಿಕೊಂಡಂತಿದೆ. ನಿಮ್ಮ ಪತ್ರದಲ್ಲಿ ಅದರ ಮಾತೇ ಇಲ್ಲ. ನನ್ನ ಕಣ್ಣು ಮಾತ್ರ ಮೊದಲು ಅಲ್ಲಿಗೇ ಹೋಯಿತು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನು ಸೇನೆಯ ರಿಪೇರಿ ವಿಭಾಗವಾದ ಇಎಂಇಯ ವರ್ಕ್‌ಶಾಪುಗಳಲ್ಲಿ ಆರ್ಮರರ್, ಅಂದರೆ ಬಂದೂಕು ರಿಪೇರಿ ಮಾಡುವವನು, ಆಗಿದ್ದವನು. ಈಗ ತುಮಕೂರಿನಲ್ಲಿದ್ದೇನೆ. ಸೇವೆಯಲ್ಲಿದ್ದಾಗ ನಮ್ಮ ಕೈಗೆ ಕ್ಯಾಮೆರಾ ಕೊಟ್ಟವರಿಲ್ಲ. ನಳಿಗೆಯ ಹಿಂಬಾಯಿ ಮುಚ್ಚುವ ಬೋಲ್ಟ್ ತೆಗೆದು, ಹೆಬ್ಬೆರಳಿನ ಉಗುರಿನ ಮೇಲೆ ಬೆಳಕು ಬೀಳಿಸಿ, ಆ ಬೆಳಕಲ್ಲಿ ನಳಿಗೆ ನೋಡುತ್ತಿದ್ದೆವು. ಈಗ ಊರೂರಲ್ಲೂ ಮೊಬೈಲಿಗೆ ಜೋಡಿಸುವ ಬೋರ್‌ಸ್ಕೋಪ್ ಬಂದಿದೆ. ನನಗೆ ಅದು ಇಷ್ಟವಾದ ಸಾಧನವೇ. ಆದರೆ ಅದು ಮನೆಗೆ ಬಂದ ವಾರದಲ್ಲೇ ಜನ ಗಾಬರಿಯಾಗಿ ಫೋನ್ ಮಾಡುತ್ತಾರೆ. ನಿಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬತ್ತಿದ ಬೋರ್‌ವೆಲ್ಲಿಗೆ ಕ್ಯಾಮೆರಾ ಇಳಿಸಿದಾಗ ಪರದೆಯ ಮೇಲೆ ಕಾಣುವ ಪ್ರತಿ ಬಿರುಕೂ ನೀರಿನ ಸೆಲೆಯ ಹಾಗೇ ಕಾಣುತ್ತದೆ. ಯಾವುದು ಸೆಲೆ, ಯಾವುದು ಬರೀ ಕಲ್ಲಿನ ಗೆರೆ ಎಂದು ಹೇಳಲು ನೂರಾರು ಬೋರು ನೋಡಿದ ಕಣ್ಣು ಬೇಕು. ಇದೂ ಹಾಗೆಯೇ.

ಲೆಕ್ಕ ಹಾಕಿ ನೋಡಿ. ಬೋರ್‌ಸ್ಕೋಪಿನ ತುದಿಯ ಕನ್ನಡಿ ಒಮ್ಮೆಗೆ ತೋರಿಸುವುದು ಹೆಚ್ಚೆಂದರೆ ಮೂರು ನಾಲ್ಕು ಮಿಲಿಮೀಟರಿನ ತುಂಡು. ಅದು ನಿಮ್ಮ ಮೊಬೈಲಿನ ಅಗಲಕ್ಕೆಲ್ಲ ಹರಡಿದರೆ ಇಪ್ಪತ್ತು ಪಟ್ಟು ದೊಡ್ಡದಾದಂತೆ. ಸಾಸಿವೆ ಕಾಳಿನ ಕಾಲು ಭಾಗದಷ್ಟೂ ಇಲ್ಲದ ಚುಕ್ಕೆ ಅಲ್ಲಿ ಹುಣಿಸೆ ಬೀಜವಾಗುತ್ತದೆ. ಮೇಲಾಗಿ ಆ ಪುಟ್ಟ ಎಲ್‌ಇಡಿ ಬೆಳಕು ಓರೆಯಾಗಿ ಬಿದ್ದು ಪ್ರತಿ ತಗ್ಗಿಗೂ ನೆರಳು ಕೊಡುತ್ತದೆ, ಹಾಗಾಗಿ ತಗ್ಗು ಆಳವಾಗಿ ಕಾಣುತ್ತದೆ. ಇನ್ನೊಂದು ಮಾತು. ಇಂಥ ನಳಿಗೆಯ ಒಳಗೋಡೆಯನ್ನು ಈ ಅಳತೆಯಲ್ಲಿ ಪೂರ್ತಿ ನೋಡಬೇಕಾದರೆ ಸಾವಿರಕ್ಕೂ ಹೆಚ್ಚು ಚಿತ್ರ ಬೇಕು. ನೀವು ಕಳಿಸಿರುವುದು ಮೂರು, ಅದೂ ಕೆಟ್ಟದ್ದು ಕಂಡ ಮೂರು ಜಾಗದ್ದು. ನಿಮ್ಮ ತಪ್ಪಲ್ಲ. ಕಣ್ಣು ಹುಡುಕುವುದೇ ಕೆಟ್ಟದ್ದನ್ನು.

ನಿಮ್ಮ ರೈಫಲ್ಲಿನ ಕುಲ ತಿಳಿದರೆ ಕಾಯಿಲೆಯೂ ತಿಳಿಯುತ್ತದೆ. 1907ರಲ್ಲಿ ಬಂದ ಎಸ್‌ಎಂಎಲ್‌ಇ (ಶಾರ್ಟ್ ಮ್ಯಾಗಜೀನ್ ಲೀ-ಎನ್‌ಫೀಲ್ಡ್) ಮಾರ್ಕ್ ಮೂರು, ಅಂದರೆ ಎಲ್ಲರ ಬಾಯಲ್ಲಿ ತ್ರೀ ನಾಟ್ ತ್ರೀ, ಎರಡು ಮಹಾಯುದ್ಧ ಕಂಡ ಸೇನಾ ರೈಫಲ್. ಕೋಲ್ಕತ್ತ ಬಳಿಯ ಇಶಾಪುರದ ಕಾರ್ಖಾನೆಯಲ್ಲಿ ಅದು ಸ್ವಾತಂತ್ರ್ಯ ಬಂದ ಮೇಲೂ ತಯಾರಾಗುತ್ತಿತ್ತು. ಸೇನೆಯ ತೋಟಾ ಜನರ ಕೈಗೆ ಸಿಗಬಾರದೆಂದು ಬ್ರಿಟಿಷರ ಕಾಲದಿಂದಲೇ .303 ಅಳತೆಯನ್ನು ನಾಗರಿಕರಿಗೆ ಕೊಡದೆ, ಅದೇ ಬೋಲ್ಟ್, ಅದೇ ದೇಹಕ್ಕೆ .315 ನಳಿಗೆ ಕೂರಿಸಿ ಮಾರಿದರು. ಇಂದಿಗೂ .303 ಮತ್ತು 7.62 ಮಿ.ಮೀ. ಸೇನಾ ತೋಟಾ ಹಿಡಿಯುವ ರೈಫಲ್ ಸಾಮಾನ್ಯ ಪರವಾನಗಿಯಲ್ಲಿ ಸಿಗುವುದಿಲ್ಲ. ಹಾಗಾಗಿ ನಿಮ್ಮದು ಸೇನಾ ರೈಫಲ್ಲಿನ ಒಡಹುಟ್ಟು. ತ್ರೀ ನಾಟ್ ತ್ರೀಗೆ ಬರುವ ಜಡ್ಡೆಲ್ಲ ಇದಕ್ಕೂ ಬರುತ್ತದೆ.

ಆ ಜಡ್ಡುಗಳಲ್ಲಿ ದೊಡ್ಡದು ಉಪ್ಪು. ಹಳೆಯ ತೋಟಾಗಳ ಬುಡದಲ್ಲಿ, ಮದ್ದಿಗೆ ಕಿಡಿ ಕೊಡುವ ಕ್ಯಾಪಿನಲ್ಲಿ ಪೊಟ್ಯಾಶಿಯಂ ಕ್ಲೋರೇಟ್ ಇರುತ್ತಿತ್ತು. ಅದು ಸಿಡಿದ ಮೇಲೆ ಉಳಿಯುವುದು ಪೊಟ್ಯಾಶಿಯಂ ಕ್ಲೋರೈಡ್, ನಮ್ಮ ಅಡುಗೆ ಉಪ್ಪಿನ ತಮ್ಮ. ಮಳೆಗಾಲದಲ್ಲಿ ಉಪ್ಪಿನ ಭರಣಿ ಹೇಗೆ ನೀರು ಬಿಟ್ಟುಕೊಳ್ಳುತ್ತದೋ ಹಾಗೆಯೇ ಇದೂ ಗಾಳಿಯ ತೇವ ಎಳೆದುಕೊಂಡು ಉಕ್ಕನ್ನು ತಿನ್ನುತ್ತದೆ. ಉಪ್ಪು ಕರಗುವುದು ನೀರಿನಲ್ಲಿ. ಎಣ್ಣೆಯಲ್ಲಿ ಕರಗದು, ಸೀಮೆಎಣ್ಣೆಯಲ್ಲೂ ಕರಗದು. ಅದಕ್ಕೇ ಹಳೆಯ ಸಿಪಾಯಿಗಳು ಗುಂಡು ಹಾರಿಸಿದ ದಿನವೇ ನಳಿಗೆಗೆ ಆಲಿಕೆ ಇಟ್ಟು ಕುದಿಯುವ ನೀರು ಹೊಯ್ದು, ಒಣಗಿಸಿ, ಆಮೇಲೆ ಎಣ್ಣೆ ಹಾಕುತ್ತಿದ್ದರು. ಮನೆಗಳಲ್ಲಿ ನಡೆದದ್ದು ಬೇರೆ. ಹಂದಿ ಓಡಿಸಲು ಒಂದು ಗುಂಡು ಹಾರಿಸಿ, ಒಂದಿಷ್ಟು ಕೊಬ್ಬರಿ ಎಣ್ಣೆಯನ್ನೋ ಹೊಂಗೆ ಎಣ್ಣೆಯನ್ನೋ ಒಳಗೆ ಸವರಿ, ಚರ್ಮದ ಚೀಲಕ್ಕೆ ಹಾಕಿ ಅಟ್ಟದ ಮೇಲಿಡುತ್ತಿದ್ದರು. ಎಣ್ಣೆಯ ಕೆಳಗೆ ಉಪ್ಪು ಹಾಗೇ ಉಳಿಯಿತು. ಆ ಎಣ್ಣೆ ಬೇಸಿಗೆಯಲ್ಲಿ ಅಂಟಾಗಿ, ಆಮೇಲೆ ಅರಗಿನ ಹಾಗೆ ಗಟ್ಟಿಯಾಯಿತು. ಚರ್ಮದ ಚೀಲ ಮಳೆಗಾಲದ ತೇವ ಹಿಡಿದಿಟ್ಟುಕೊಂಡಿತು. ನಿಮ್ಮ ಎರಡನೇ ಚಿತ್ರದ ಕುಳಿಗಳ ಕಥೆ ಬಹುಪಾಲು ಇಷ್ಟೇ. ನಮ್ಮ ಸೀಮೆಯ ಒಣ ಹವೆಯಲ್ಲಿ ತುಕ್ಕು ನಿಧಾನ, ಅದೊಂದು ಅನುಕೂಲ. ಮುಂದೆ ಠಾಣೆಯಲ್ಲಿ ಜಮೆ ಮಾಡುವ ಮುನ್ನ ಒಳಗೂ ಹೊರಗೂ ಬಂದೂಕಿನ ಎಣ್ಣೆ ತೆಳ್ಳಗೆ ಸವರಿ ಕೊಡಿ. ಎರಡು ಮೂರು ತಿಂಗಳು ಅಲ್ಲಿದ್ದಾಗ ಅದನ್ನು ಯಾರೂ ಒರೆಸುವುದಿಲ್ಲ. ಅದು ಮಾಲೀಕರ ಕೆಲಸ.

ಮೊದಲನೇ ಚಿತ್ರ, ತೋಟಾ ಕೂರುವ ಚೇಂಬರಿನ ಮುಂದೆ ತೆಗೆದದ್ದು, ನೋಡಿದವರೆಲ್ಲ ಹೆದರುವಂಥದು. ಏಪ್ರಿಲ್‌ನಲ್ಲಿ ಬತ್ತಿದ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿದೆ. ಇದನ್ನು ಗಂಟಲು ಎನ್ನುತ್ತೇವೆ. ಪ್ರತಿ ಗುಂಡಿಗೂ ಉರಿಯುವ ಅನಿಲ ಮೊದಲು ಬಡಿಯುವುದು ಇಲ್ಲಿಗೇ. ಉಕ್ಕಿನ ಮೇಲ್ಪದರ ಕ್ಷಣದಲ್ಲಿ ಕಾದು, ಕ್ಷಣದಲ್ಲಿ ಆರಿ, ಕೂದಲೆಳೆ ಬಿರುಕು ಬಿಡುತ್ತದೆ. ಹಳೆಯ ಕಾರ್ಡೈಟ್ ಮದ್ದು ಬಹಳ ಬಿಸಿಯಾಗಿ ಉರಿಯುವಂಥದು. ಅದರ ಮೊದಲ ನಮೂನೆಯಲ್ಲಿ ಶೇ 58ರಷ್ಟು ನೈಟ್ರೋಗ್ಲಿಸರಿನ್ ಇತ್ತು. ನಳಿಗೆಗಳು ಬೇಗ ಸವೆಯುತ್ತವೆಂದು ಆಮೇಲೆ ಅದನ್ನು ಶೇ 30ಕ್ಕೆ ಇಳಿಸಿದರು. ಈ ಬಿರುಕುಗಳು ಮೇಲ್ಪದರದವು, ನಳಿಗೆ ಸೀಳುವ ಬಿರುಕಲ್ಲ. ಇಲ್ಲಿ ನೋಡಬೇಕಾದ್ದು ರೈಫ್ಲಿಂಗಿನ, ಅಂದರೆ ಗುಂಡಿಗೆ ತಿರುಗು ಕೊಡಲು ಒಳಗೆ ಸುರುಳಿಯಾಗಿ ಕೊರೆದ ಗೆರೆಗಳ, ನಡುವಿನ ದಿಣ್ಣೆಗಳ ಅಂಚು. ಅದು ಚೂಪಾಗಿ ಉಳಿದಿದೆಯೆ, ತೊಳೆದ ಸೋಪಿನ ಹಾಗೆ ದುಂಡಗಾಗಿದೆಯೆ? ನಿಮ್ಮ ಚಿತ್ರದಲ್ಲಿ ಅಂಚು ಕಾಣುತ್ತಿದೆ. ಉದ್ದಕ್ಕೆ ಕಿತ್ತಳೆ ಬಣ್ಣದ ಗೆರೆಗಳಿವೆಯಲ್ಲ, ಅವು ತುಕ್ಕಲ್ಲ, ಗುಂಡಿನ ಕವಚದಿಂದ ಅಂಟಿದ ತಾಮ್ರ. ತುಕ್ಕು ಕೆಂಪುಕಂದಾಗಿ, ಪುಡಿಪುಡಿಯಾಗಿ ಕಾಣುತ್ತದೆ. ಅಡ್ಡಕ್ಕೆ ಒಂದೇ ಸಮನಾದ ಸಣ್ಣ ಗೀರುಗಳು ಕಂಡರೆ ಅವು ಕಾರ್ಖಾನೆಯ ಉಳಿಯ ಗುರುತು. ಹೊಸ ನಳಿಗೆಯಲ್ಲೂ ಇರುತ್ತವೆ.

ಹೊಳೆಯುವ ನಳಿಗೆ ಒಳ್ಳೆಯದು, ಕಪ್ಪು ನಳಿಗೆ ಸತ್ತದ್ದು ಎಂಬ ಮಾತು ಎಲ್ಲ ಊರಲ್ಲೂ ಇದೆ. ಒಮ್ಮೆ ವರ್ಕ್‌ಶಾಪಿಗೆ ಎರಡು ತ್ರೀ ನಾಟ್ ತ್ರೀ ಬಂದವು. ಒಂದರ ಒಳಗೆ ಮುಖ ನೋಡಿಕೊಳ್ಳಬಹುದಿತ್ತು, ಇನ್ನೊಂದು ಅಡುಗೆಮನೆಯ ಹೊಗೆಗೂಡು. ರೇಂಜಿಗೆ ಒಯ್ದು ನೂರು ಗಜದಲ್ಲಿ ಐದೈದು ಗುಂಡು ಹಾರಿಸಿದೆವು. ಕಪ್ಪು ನಳಿಗೆಯ ಐದೂ ಅಂಗೈಯಗಲದಲ್ಲಿ ಕೂತವು. ಹೊಳೆಯುವುದರ ಎರಡು ಗುಂಡು ಹಲಗೆಗೇ ತಾಕಲಿಲ್ಲ. ಅದು ಸವೆದು ಸವೆದು ನುಣ್ಣಗಾಗಿತ್ತು, ಅದಕ್ಕೇ ಅಷ್ಟು ಹೊಳಪು. ಅದರ ಬಾಯಿಯ ಒಂದು ಪಕ್ಕದಲ್ಲಿ ಹಗ್ಗ ಉಜ್ಜಿದ ಕಾಲುವೆಯೂ ಇತ್ತು. ನಳಿಗೆ ಒರೆಸಲು ಒಳಗಿನಿಂದ ಎಳೆಯುವ ಪುಲ್‌ಥ್ರೂ ಹಗ್ಗವನ್ನು ನೇರ ಎಳೆಯದೆ ಓರೆಯಾಗಿ ಎಳೆದ ಗುರುತು ಅದು. ಮರಳು ಹತ್ತಿದ ಹಗ್ಗ ಉಕ್ಕನ್ನೂ ಕೊರೆಯುತ್ತದೆ, ಬಾವಿಯ ಕಲ್ಲಿನ ಮೇಲಿನ ಹಗ್ಗದ ಗುರುತಿನ ಹಾಗೆ. ಬಾಯಿಯ ಕೊನೆಯ ಒಂದು ಇಂಚು ಗುರಿಗೆ ಮುಖ್ಯ, ಆದರೆ ಅದರ ಚಿತ್ರ ತೆಗೆಯುವವರೇ ಕಡಿಮೆ. ನೀವೂ ತೆಗೆದಿಲ್ಲ.

ಇನ್ನು, ತೊಳೆಯದೆ ತೆಗೆದ ಚಿತ್ರ ನೋಡಿ ಯಾರೂ ತೀರ್ಪು ಹೇಳಬಾರದು. ಮಸಿಯ ಪದರ ಕುಳಿಯ ಹಾಗೂ ಕಾಣುತ್ತದೆ, ನಿಜವಾದ ಕುಳಿಯನ್ನು ಮುಚ್ಚಿಯೂ ಇಡುತ್ತದೆ. ಮ್ಯಾಗಜೀನ್ ತೆಗೆಯಿರಿ, ಬೋಲ್ಟ್ ತೆಗೆಯಿರಿ, ಚೇಂಬರ್ ಖಾಲಿ ಎಂದು ಕಣ್ಣಲ್ಲೂ ಬೆರಳಲ್ಲೂ ನೋಡಿಕೊಳ್ಳಿ. ತೋಟಾ ಬೇರೆ ಕೋಣೆಯಲ್ಲಿ ಬೀಗದಲ್ಲಿರಲಿ. ರಾಡು ಯಾವಾಗಲೂ ಹಿಂದಿನಿಂದ, ಚೇಂಬರ್ ಕಡೆಯಿಂದ ಹೋಗಲಿ. ಮೊದಲು ಬಿಸಿನೀರು, ಯಾಕೆಂದರೆ ಉಪ್ಪಿನ ಅನುಮಾನವಿದೆ. ಪೂರ್ತಿ ಒಣಗಿಸಿ. ಆಮೇಲೆ ಮಸಿ ಬಿಡಿಸುವ ಬೋರ್ ಸಾಲ್ವೆಂಟ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಕಂಚಿನ ಬ್ರಷ್ಷನ್ನು ಈ ತುದಿಯಿಂದ ಆ ತುದಿಗೆ ಪೂರ್ತಿ ದಾಟಿಸಿ. ನಡುವೆ ದಿಕ್ಕು ಬದಲಿಸಬೇಡಿ. ಒರೆಸಿದ ಚಿಂದಿ ಕಪ್ಪಾಗಿ ಬರುವುದು ನಿಂತ ಮೇಲೆ, ತಾಮ್ರ ಬಿಡಿಸುವ ಅಮೋನಿಯಾ ದ್ರಾವಣ. ಅದನ್ನು ಶೀಶೆಯ ಮೇಲೆ ಬರೆದಷ್ಟೇ ಹೊತ್ತು ಬಿಡಿ, ರಾತ್ರಿಯಿಡೀ ಬೇಡ. ಚಿಂದಿ ನೀಲಿಯಾಗಿ ಬಂದರೆ ತಾಮ್ರ ಬಿಡುತ್ತಿದೆ ಎಂದರ್ಥ. ಆದರೆ ನಿಮ್ಮ ರಾಡಿನ ತುದಿ ಹಿತ್ತಾಳೆಯದಾದರೆ ಅದೂ ನೀಲಿ ಬಿಡುತ್ತದೆ. ನಾನು ಸೇರಿದ ಹೊಸದರಲ್ಲಿ ಒಂದು ಸಂಜೆಯೆಲ್ಲ ಇಲ್ಲದ ತಾಮ್ರವನ್ನು ತೆಗೆಯುತ್ತ ಕೂತಿದ್ದೆ. ಮೂವತ್ತು ನಲವತ್ತು ವರ್ಷದ ಕೊಳೆ ಒಂದೇ ದಿನಕ್ಕೆ ಬಿಡುವುದಿಲ್ಲ, ಮೂರು ನಾಲ್ಕು ದಿನ ಹಿಡಿಯಲಿ.

ಆಮೇಲೆ ಮತ್ತೆ ಕ್ಯಾಮೆರಾ. ತುದಿಯಲ್ಲಿ ಕನ್ನಡಿ ಇರುವ, ಪಕ್ಕ ನೋಡುವ ಬೋರ್‌ಸ್ಕೋಪೇ ಆಗಬೇಕು. ಮೆಕ್ಯಾನಿಕ್‌ಗಳ ಹತ್ತಿರ ಇರುವ, ನೇರ ಮುಂದೆ ನೋಡುವ ಕ್ಯಾಮೆರಾದಲ್ಲಿ ಒಳಗೋಡೆ ಮಸುಕಾಗಿ ಕಾಣುತ್ತದೆ. ಬೆಳಕು ಕಡಿಮೆ ಇಡಿ, ಕನ್ನಡಿ ಒರೆಸುತ್ತಿರಿ, ಕೇಬಲ್ಲಿನ ಮೇಲೆ ಇಂಚಿಂಚಿಗೆ ಗುರುತು ಹಾಕಿಕೊಂಡು ಕಂಡದ್ದನ್ನು ಬರೆದಿಡಿ. ಕ್ಯಾಮೆರಾ ಹೊರಗೆ ತೆಗೆದ ಕೂಡಲೇ ಕನ್ನಡಿ ತುದಿಯಲ್ಲೇ ಇದೆಯೆ ನೋಡಿ. ಅಗ್ಗದ ಬೋರ್‌ಸ್ಕೋಪುಗಳ ಕನ್ನಡಿ ಕಳಚಿ ನಳಿಗೆಯೊಳಗೆ ಉಳಿಯುವುದುಂಟು. ಅದು ತಿಳಿಯದೆ ಗುಂಡು ಹಾರಿಸಿದರೆ ನೋಡಲು ತಂದ ಸಾಧನವೇ ನಳಿಗೆ ಸೀಳಿದಂತಾಗುತ್ತದೆ.

ಈಗ ಮೂರನೇ ಚಿತ್ರ. ನಳಿಗೆಯಲ್ಲಿ ಏನೋ ಅಡ್ಡ ಇದ್ದಾಗ ಗುಂಡು ಹಾರಿದರೆ, ಗುಂಡು ಅದಕ್ಕೆ ತಗುಲಿ ಕ್ಷಣ ತಡೆಯುತ್ತದೆ. ಹಿಂದಿನಿಂದ ನುಗ್ಗುವ ಅನಿಲ ಆ ಒಂದೇ ಜಾಗದಲ್ಲಿ ಒತ್ತಿ ಉಕ್ಕನ್ನು ಉಬ್ಬಿಸುತ್ತದೆ. ಒಳಗಿನಿಂದ ಅದು ಕಪ್ಪು ಉಂಗುರದ ಹಾಗೆ ಕಾಣುತ್ತದೆ. ಅಡ್ಡ ಬರುವುದು ದೊಡ್ಡ ವಸ್ತುವೇ ಆಗಬೇಕಿಲ್ಲ. ಧೂಳು ಹೋಗದಿರಲಿ ಎಂದು ಬಾಯಿಗೆ ತುರುಕಿ ಮರೆತ ಬಟ್ಟೆ ಉಂಡೆ ಸಾಕು. ಗೋಡೆಗೆ ತೂಗುಹಾಕಿದ ಬಂದೂಕಿನಲ್ಲಿ ಕಣಜ ಕಟ್ಟಿದ ಮಣ್ಣಿನ ಗೂಡು ಸಾಕು. ನಾಲ್ಕು ಬೆರಳು ಒಳಗೆ ಅಂದರೆ, ಬಟ್ಟೆ ಉಂಡೆ ತುರುಕಿದಾಗ ಎಷ್ಟು ಒಳಗೆ ಹೋಗುತ್ತದೋ ಸರಿಯಾಗಿ ಅಷ್ಟೇ ದೂರ. ನನ್ನ ಅನುಮಾನ ಅದಕ್ಕೇ ಬಲವಾಗಿದೆ. ನಿಮ್ಮ ಅಪ್ಪನವರನ್ನೋ ಚಿಕ್ಕಪ್ಪನವರನ್ನೋ ಕೇಳಿ ನೋಡಿ, ಹಿಂದೆ ಯಾವತ್ತಾದರೂ ಹಾರಿಸಿದಾಗ ಭುಜಕ್ಕೆ ಎಂದಿಗಿಂತ ಜೋರಾಗಿ ಒದ್ದಿತ್ತೆ, ಸದ್ದು ಬೇರೆ ಥರ ಬಂದಿತ್ತೆ ಎಂದು.

ಅದು ಬರೀ ಗಟ್ಟಿ ಎಣ್ಣೆಯ ಗೆರೆಯೂ ಆಗಿರಬಹುದು. ತೊಳೆದ ಮೇಲೆ ಮೂರು ಪರೀಕ್ಷೆ ಮಾಡಿ, ಮೂರಕ್ಕೂ ಕ್ಯಾಮೆರಾ ಬೇಡ. ಬೋಲ್ಟ್ ತೆಗೆದ ನಳಿಗೆಯನ್ನು ಬೆಳಗಿನ ಆಕಾಶಕ್ಕೆ ಹಿಡಿದು ಹಿಂದಿನಿಂದ ನೋಡಿ, ಉಬ್ಬು ಇದ್ದರೆ ಆ ಜಾಗದಲ್ಲಿ ನೆರಳಿನ ಬಳೆ ಕಾಣುತ್ತದೆ. ಬಿಗಿಯಾದ ಚಿಂದಿಯನ್ನು ರಾಡಿನಿಂದ ನಿಧಾನಕ್ಕೆ ತಳ್ಳಿ. ಒಂದೇ ಸಮ ಬಿಗಿಯಾಗಿ ಹೋಗುತ್ತಿದ್ದದ್ದು ಒಂದು ಜಾಗದಲ್ಲಿ ಜಾರಿದಂತಾಗಿ ಮತ್ತೆ ಬಿಗಿಯಾದರೆ ಅಲ್ಲಿ ನಳಿಗೆ ಹಿಗ್ಗಿದೆ. ಮೂರನೆಯದು, ಕಣ್ಣು ಮುಚ್ಚಿ ನಳಿಗೆಯ ಹೊರಮೈಯನ್ನು ಬೆರಳ ತುದಿಯಿಂದ ಸವರಿ, ಆಮೇಲೆ ಉಕ್ಕಿನ ಸ್ಕೇಲು ಇಟ್ಟು ಬೆಳಕು ನುಸುಳುತ್ತದೆಯೆ ನೋಡಿ. ಮುಂಭಾಗ ಮರದಿಂದ ಮುಚ್ಚಿದ್ದರೆ ಬಲವಂತವಾಗಿ ಬಿಚ್ಚಬೇಡಿ. ಈ ಮೂರರಲ್ಲಿ ಒಂದು ಹೌದೆಂದರೂ ನಳಿಗೆ ಮುಗಿಯಿತು ಎಂದುಕೊಳ್ಳಿ. ಉಬ್ಬಿದ ನಳಿಗೆಯಲ್ಲೂ ವರ್ಷಗಟ್ಟಲೆ ಹಾರಿಸಿದವರಿದ್ದಾರೆ, ನಿಜ. ಆದರೆ ಒಮ್ಮೆ ಹಿಗ್ಗಿದ ಉಕ್ಕು ಮುಂದಿನ ಗುಂಡಿಗೆ ಏನು ಮಾಡುತ್ತದೆಂದು ನಾನು ಹೇಳಲಾರೆ, ಯಾರೂ ಹೇಳಲಾರರು. ನಮ್ಮ ವರ್ಕ್‌ಶಾಪಿನಲ್ಲಿ ಉಂಗುರ ಕಂಡ ನಳಿಗೆಗೆ ಎರಡನೇ ಮಾತಿರಲಿಲ್ಲ, ಬದಲಾಯಿಸುತ್ತಿದ್ದೆವು.

ಉಂಗುರ ಇಲ್ಲವೆಂದು ಖಚಿತವಾದರೂ ಕೆಲಸ ಮುಗಿಯಲಿಲ್ಲ. ಬೋಲ್ಟಿನ ಮುಖಕ್ಕೂ ತೋಟಾ ಕೂರುವ ಜಾಗಕ್ಕೂ ನಡುವಿನ ಅಂತರವನ್ನು ಬೋರ್‌ಸ್ಕೋಪ್ ತೋರಿಸದು. .303ಕ್ಕೆ ಅದು 0.064ರಿಂದ 0.074 ಇಂಚಿನ ಒಳಗಿರಬೇಕು, ಗೇಜಿನಿಂದಲೇ ಅಳೆಯಬೇಕು. ನಿಮ್ಮ ರೈಫಲ್ಲಿಗೆ ಅದರದೇ ಅಳತೆಯ ಗೇಜು ಬೇಕು. ಬೋಲ್ಟಿನ ಹಿಡಿಯ ಹಿಂದೆ ಇರುವ ನಂಬರ್ ರೈಫಲ್ಲಿನ ನಂಬರಿಗೆ ಹೊಂದುತ್ತದೆಯೆ ನೋಡಿ. ಹೊಂದದಿದ್ದರೆ ಯಾವಾಗಲೋ ಬೋಲ್ಟ್ ಬದಲಾಗಿದೆ, ಗೇಜು ಹಾಕದೆ ಮುಟ್ಟಲೇಬಾರದು. ಚೇಂಬರಿನಲ್ಲಿ ಕುಳಿ ಇದೆಯೆ ಎಂಬುದನ್ನೂ ನೋಡಿ. ನಳಿಗೆಯ ನಡುವಿನ ಕುಳಿಗಿಂತ ಅಲ್ಲಿನ ಕುಳಿ ಹೆಚ್ಚು ಕಾಟ ಕೊಡುತ್ತದೆ, ಹಾರಿದ ಖಾಲಿ ತೋಟಾ ಅಲ್ಲೇ ಕಚ್ಚಿಕೊಳ್ಳುತ್ತದೆ.

ನಿಮಗೆ ಸಿಕ್ಕ ಸಲಹೆಗಳ ಬಗ್ಗೆ. ಎಮರಿ ಪೇಪರ್ ಕುಳಿ ತೆಗೆಯುವುದಿಲ್ಲ, ಕುಳಿಯ ಸುತ್ತಲಿನ ಒಳ್ಳೆಯ ಉಕ್ಕು ತೆಗೆಯುತ್ತದೆ. ದಿಣ್ಣೆಯ ಅಂಚು ಹೋದರೆ ಗುಂಡಿಗೆ ತಿರುಗು ಸಿಗದು. ಲೇತ್‌ನವರು ಒಳ್ಳೆಯ ಕೆಲಸಗಾರರೇ ಇರಬಹುದು, ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಂದೂಕು ರಿಪೇರಿ ಮಾಡುವವರಿಗೂ ಪರವಾನಗಿ ಬೇಕು, ನಳಿಗೆ ಕತ್ತರಿಸಿ ಗಿಡ್ಡ ಮಾಡುವುದಕ್ಕೆ ಬೇರೆಯೇ ನಿರ್ಬಂಧವಿದೆ. ಒಳಗೆ ಹೆರೆಸಿದರೆ ಅಳತೆಯೂ ಹೋಯಿತು, ಪರವಾನಗಿಯೂ ಹೋಯಿತು. ಚಿಕ್ಕಪ್ಪನವರ ಹಗ್ಗದ ಪರೀಕ್ಷೆ ಬಹಳ ಹಳೆಯದು, ಹೇಳುವವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಒಂದು ಗುಂಡು ಸುರಕ್ಷಿತವಾಗಿ ಹೋಯಿತೆಂದರೆ ಆ ಒಂದು ಹೋಯಿತು ಅಷ್ಟೆ. ಕಾರ್ಖಾನೆಯಲ್ಲಿ ಪ್ರೂಫ್, ಅಂದರೆ ಬಲದ ಪರೀಕ್ಷೆ, ಮಾಡುವಾಗ ಮಾಮೂಲಿಗಿಂತ ಹೆಚ್ಚು ಒತ್ತಡದ ತೋಟಾ ಹಾರಿಸಿ, ಆಮೇಲೆ ಎಲ್ಲ ಅಳೆದು ನೋಡುತ್ತಾರೆ. ಆ ಅಳೆಯುವುದು ಮರದಡಿಯಲ್ಲಿ ಆಗದು.

ನಿಮ್ಮ ಮುಂದಿರುವ ದಾರಿ ಹೀಗಿವೆ. ಉಂಗುರ ಇಲ್ಲದಿದ್ದರೆ ತೊಳೆದು, ಪರವಾನಗಿ ಇರುವ ಗನ್‌ಸ್ಮಿತ್ ಹತ್ತಿರ ಗೇಜು ಹಾಕಿಸಿ ಇಟ್ಟುಕೊಳ್ಳಬಹುದು. ನಡುವಿನ ಕುಳಿಗಳಿಂದ ಗುರಿ ಸ್ವಲ್ಪ ಕೆಡಬಹುದು, ಪ್ರತಿ ಸಲ ತೊಳೆಯಲು ಹೆಚ್ಚು ಹೊತ್ತು ಬೇಕಾಗುತ್ತದೆ, ಅಷ್ಟೆ. ಉಂಗುರ ಇದ್ದರೆ ಪರವಾನಗಿ ಇರುವ ವ್ಯಾಪಾರಿಯ ಮೂಲಕ ನಳಿಗೆ ಬದಲಾಯಿಸುವುದು ಒಂದು ದಾರಿ. ಖರ್ಚೂ ಇದೆ, ಓಡಾಟವೂ ಇದೆ. ಮುಂದುವರಿಯುವ ಮೊದಲು ಜಿಲ್ಲಾಧಿಕಾರಿ ಕಚೇರಿಯ ಶಸ್ತ್ರಾಸ್ತ್ರ ವಿಭಾಗದಲ್ಲಿ ಕೇಳಿ, ಹೇಳಿದ್ದನ್ನು ಬರಹದಲ್ಲಿ ಪಡೆಯಿರಿ. ತಾತನ ನೆನಪಿಗಷ್ಟೇ ಬೇಕೆಂದರೆ ನಿಯಮದ ಪ್ರಕಾರ ನಿಷ್ಕ್ರಿಯಗೊಳಿಸಿ ಇಟ್ಟುಕೊಳ್ಳುವ ಬಗ್ಗೆಯೂ ಅಲ್ಲೇ ವಿಚಾರಿಸಿ. ಮತ್ತೆಂದೂ ಅದು ಹಾರುವುದಿಲ್ಲ ಎಂಬುದನ್ನು ಮನೆಯವರೆಲ್ಲ ಒಪ್ಪಿದ ಮೇಲೆ ಮಾತ್ರ. ಬೇಡವೇ ಬೇಡವೆಂದರೆ ಪರವಾನಗಿ ಇರುವ ವ್ಯಾಪಾರಿಗೆ ಕೊಡಬಹುದು, ಆಗ ಉಂಗುರದ ವಿಷಯ ಮುಚ್ಚಿಡಬೇಡಿ. ನನ್ನನ್ನೇ ಕೇಳಿದರೆ ನಾನೇನು ಮಾಡುತ್ತಿದ್ದೆ ಎಂದರೆ, ಹೊಲಕ್ಕೆ ಅದರ ಅಗತ್ಯ ನಿಜವಾಗಿ ಇಲ್ಲದಿದ್ದರೆ ನಿಷ್ಕ್ರಿಯಗೊಳಿಸಿ ಇಟ್ಟುಕೊಳ್ಳುತ್ತಿದ್ದೆ.

ತೋಟಾಗಳ ವಿಷಯಕ್ಕೆ ಉತ್ತರ ಚಿಕ್ಕದು: ಬಳಸಬೇಡಿ. ಟ್ರಂಕಿನಲ್ಲಿ ಎಷ್ಟೋ ಬೇಸಿಗೆ ಬೆಂದ ಮದ್ದು ಕೆಟ್ಟಿರುತ್ತದೆ. ಕ್ಯಾಪು ಹೊಡೆದು ತಡವಾಗಿ ಹೊತ್ತಿಕೊಳ್ಳಬಹುದು. ಅದಕ್ಕಿಂತ ಕೆಟ್ಟದ್ದೆಂದರೆ ಅರ್ಧ ಉರಿದು, ಗುಂಡು ನಳಿಗೆಯ ನಡುವೆಯೇ ಸಿಕ್ಕಿಕೊಳ್ಳಬಹುದು. ಅದರ ಹಿಂದೆ ಇನ್ನೊಂದು ಹಾರಿಸಿದರೆ ಆಗುವುದು ಬರೀ ಉಂಗುರವಲ್ಲ. ಒಡೆಯಬೇಡಿ, ಹೂಳಬೇಡಿ, ಬಾವಿಗೆ ಎಸೆಯಬೇಡಿ. ಹದಿನಾಲ್ಕನ್ನೂ ಎಣಿಸಿ, ಪರವಾನಗಿ ಪುಸ್ತಕದ ಜೊತೆ ಠಾಣೆಗೋ ವ್ಯಾಪಾರಿಗೋ ಒಪ್ಪಿಸಿ ರಸೀದಿ ತೆಗೆದುಕೊಳ್ಳಿ. ನಳಿಗೆ ತೊಳೆದ ಮೇಲೆ ಆ ಉಂಗುರದ ಜಾಗದ್ದು, ಬಾಯಿಯ ಕೊನೆಯ ಇಂಚಿನದು, ಚೇಂಬರಿನದು ಹೀಗೆ ಮೂರು ಹೊಸ ಚಿತ್ರ ಕಳಿಸಿ. ಚಿಂದಿ ಎಲ್ಲಿ ಸಡಿಲವಾಯಿತು ಎಂಬುದನ್ನು ಬಾಯಿಯಿಂದ ಎಷ್ಟು ಇಂಚು ಎಂದು ಅಳೆದು ಬರೆಯಿರಿ. ಚಿತ್ರಕ್ಕಿಂತ ನನಗೆ ಆ ಅಳತೆ ಹೆಚ್ಚು ಬೇಕು.